ಒಂದು ಮುಖವನ್ನೂ ಬಿಡದ ಅಬೂ ಬಾಸಿಮ್

ಅಬೂ ಬಾಸಿಮ್ ಮೊದಲ ಸಲ ನಮ್ಮ ಮನೆಯ ಬೆಲ್ ಒತ್ತಿದ್ದು ಜಗಳ ತೆಗೆಯಲಿಕ್ಕೆ. 1999ರ ಜೂನ್ ತಿಂಗಳು. ಅಮೆರಿಕದ ಡೆಟ್ರಾಯಿಟ್ ಹತ್ತಿರದ ಕ್ಯಾಂಟನ್ನಿನಲ್ಲಿ ನಮ್ಮದು ಹೊಸ ಬಡಾವಣೆ, ಇಲ್ಲಿನವರ ಬಾಯಲ್ಲಿ ಸಬ್‌ಡಿವಿಷನ್; ಅರ್ಧ ಮನೆಗಳು ಇನ್ನೂ ಏಳುತ್ತಲೇ ಇದ್ದವು. ಬಾಗಿಲು ತೆರೆದರೆ ಎದುರಿಗೆ ಅರವತ್ತರ ಹತ್ತಿರದ ಗಂಡಸು. ಬಿಳಿ ಮೀಸೆ, ತಲೆಗೆ ಉಣ್ಣೆಯ ಟೊಪ್ಪಿಗೆ, ಇಲ್ಲಿನ ಫ್ಯಾರನ್‌ಹೀಟ್ ಲೆಕ್ಕದ ಎಂಬತ್ತೈದು ಡಿಗ್ರಿ ಸೆಕೆಯಲ್ಲೂ ಮೈಮೇಲೆ ಕೋಟು. ಪಕ್ಕದ ಮನೆಯ ಬಾಸಿಮ್ ತನ್ನ ತಂದೆಯನ್ನು ಪ್ಯಾಲೆಸ್ಟೀನಿನಿಂದ ಕರೆಸಿಕೊಂಡಿದ್ದಾನೆ ಎಂದು ಕೇಳಿದ್ದೆ, ಇವರೇ ಇರಬೇಕೆಂದು ಸಲಾಮ್ ಹೇಳಿದೆ. ಅವರು ಸಲಾಮಿಗೆ ಮರ್ಯಾದೆಯಿಂದಲೇ ಉತ್ತರ ಕೊಟ್ಟು, ಆಮೇಲೆ ನಮ್ಮ ಅಂಗಳದ ಕಡೆ ಬೆರಳು ಮಾಡಿದರು. ಅಲ್ಲಿ ಸ್ಪ್ರಿಂಕ್ಲರ್ ತಿರುಗುತ್ತಿತ್ತು.

"ಈ ಹುಲ್ಲು ಯಾವ ಆಕಳ ತಿಂತೈತಿ?"

"ಯಾವುದೂ ತಿನ್ನಂಗಿಲ್ರಿ."

"ಹಂಗಾರ ನೀರು ಹಾಕೋದು, ಬೆಳಸೋದು, ಮಷಿನ್ ತಂದು ಕತ್ತರಸೋದು, ಚೀಲದಾಗ ತುಂಬಿ ರಸ್ತಾಕ್ಕ ಇಡೋದು. ಹುಚ್ಚೇನ ನಿಮಗ?"

ಅವರು ಹೇಳಿದ್ದು ಮುರುಕು ಇಂಗ್ಲಿಷಿನಲ್ಲಿ. ನನ್ನ ಇಂಗ್ಲಿಷೂ ಆಗ ಅಷ್ಟಕ್ಕಷ್ಟೇ. ಆ ಮುರುಕನ್ನು ಹಾಗೇ ಬರೆದರೆ ಅವರ ಮಾತಿನ ಖಾರವೆಲ್ಲ ಹೋಗಿಬಿಡುತ್ತದೆ. ಅದಕ್ಕೇ ಅವರ ಮಾತನ್ನು ನಮ್ಮ ಗದಗಿನ ಕನ್ನಡಕ್ಕೆ ಹಾಕಿಕೊಂಡು ಹೇಳುತ್ತಿದ್ದೇನೆ, ಅವರ ಬಾಯಿಗೆ ಅದೇ ಒಪ್ಪುತ್ತದೆ. ನಮ್ಮದು ನದಾಫರ ಮನೆ, ಅಡುಗೆಮನೆಯಲ್ಲೂ ಕನ್ನಡವೇ. ಅಜ್ಜ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ಹುಲ್ಲಿಗೆ ನೀರು ಕುಡಿಸುವ ಈ ಹುಚ್ಚಾಟದ ಬಗ್ಗೆ ಅಮೆರಿಕಕ್ಕೆ ಬಂದಾಗಿನಿಂದ ನಾನೇ ನನ್ನ ಗಂಡ ಸರ್ದಾರ್ ಜೊತೆ ಜಗಳ ಕಾಯುತ್ತಿದ್ದೆ. ಈಗ ನನ್ನ ಪಕ್ಷಕ್ಕೆ ಒಬ್ಬರು ಸಿಕ್ಕಿದರು ಅಂತ ಖುಷಿಯಾಗಿ ಒಳಗೆ ಕರೆದು ಚಹಾ ಕೊಟ್ಟೆ. ಅವತ್ತಿನಿಂದ ಅವರು ನನಗೆ ಕಾಕಾ ಆದರು. ಅವರಲ್ಲಿ ಹೆಣ್ಣುಮಕ್ಕಳನ್ನು ಹೆಸರು ಹಿಡಿದು ಕರೆಯುವುದಿಲ್ಲವಂತೆ, ಮಗನ ಹೆಸರಿನಿಂದ ಕರೆಯುತ್ತಾರಂತೆ. ಬಾಸಿಮ್‌ನ ಅಪ್ಪ ಅಬೂ ಬಾಸಿಮ್ ಆದ ಹಾಗೆ, ನನ್ನ ಮಗ ಝೈನ್‌ನ ಅವ್ವ ನಾನು ಉಮ್ ಝೈನ್ ಆದೆ. ದಿಲ್‌ಶಾದ್ ಎಂಬ ನನ್ನ ಚಂದದ ಹೆಸರನ್ನು ಅವರು ಒಂದು ದಿನವೂ ಬಾಯಿಗೆ ತಂದುಕೊಳ್ಳಲಿಲ್ಲ.

ಕಾಕಾ ಹುಟ್ಟಿದಾಗಿನಿಂದ ರೈತ. ಕಫರ್ ಸುಮಾಕ್ ಎಂಬ ಗುಡ್ಡದ ಹಳ್ಳಿಯಲ್ಲಿ ಆಲಿವ್ ತೋಟ, ಸ್ವಲ್ಪ ಗೋಧಿ, ಸ್ವಲ್ಪ ಬೆಂಡಿಕಾಯಿ. ಇಲ್ಲಿ ಮಗನ ಮನೆಯಲ್ಲಿ ಸುಮ್ಮನೆ ಕೂಡುವ ಜೀವ ಅಲ್ಲ. ಹಿತ್ತಲಿನಲ್ಲಿ ನೆರಳು ಜಾಸ್ತಿ ಎಂದು ಮನೆಯ ಮುಂದಿನ ಹುಲ್ಲನ್ನು ಕಿತ್ತು ಬೆಂಡಿ ಹಾಕಿದರು. ಮುಂದಿನ ಅಂಗಳದಲ್ಲಿ ತರಕಾರಿ ಹಾಕಬಾರದು ಎಂಬುದು ನಮ್ಮ ಸಬ್‌ಡಿವಿಷನ್ನಿನ ಕಾಯಿದೆ. ಆಗಸ್ಟಿನಲ್ಲಿ, ಆ ಕಾಯಿದೆ ನೋಡಿಕೊಳ್ಳುವ ಅಸೋಸಿಯೇಷನ್ನಿನ ಹೆಂಗಸೊಬ್ಬಳು ಕಾರು ನಿಲ್ಲಿಸಿ ಇಳಿದಾಗ ನಾನು ಕಾಕಾನ ಪರ ಮಾತಾಡಲು ಹೊರಗೆ ಓಡಿದೆ. ಅವಳು ಬೆಂಡಿಯ ಹಳದಿ ಹೂವಿನ ಮುಂದೆ ನಿಂತು, "ಎಷ್ಟು ಚಂದದ ಹೂ! ಎಲ್ಲಿಂದ ತರಿಸಿದಿರಿ?" ಎಂದಳು. ಕಾಕಾ ಮೀಸೆಯಲ್ಲೇ ನಕ್ಕು ಒಂದು ಹೂ ಕಿತ್ತು ಕೊಟ್ಟರು. ಹೂವಿನ ಕೆಳಗೆ ನೇತಾಡುತ್ತಿದ್ದ ಕಾಯಿಗಳನ್ನು ಅವಳು ನೋಡಲೇ ಇಲ್ಲ, ಅಥವಾ ನೋಡಿಯೂ ಗುರುತು ಸಿಗಲಿಲ್ಲ. ಆ ವರ್ಷ ನಮ್ಮ ಬೀದಿಯವರೆಲ್ಲ ಬೆಂಡಿ ಪಲ್ಯ ತಿಂದೇ ತಿಂದೆವು.

ಈಗ ಕಾಕಾನನ್ನು ಕಾಲೇಜಿನವರು ಕರೆದು ಡಾಕ್ಯುಮೆಂಟರಿ ಫಿಲ್ಮ್‌ಮೇಕರ್ ಎಂದು ಪರಿಚಯ ಮಾಡಿಸುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ನಗು ಬರುತ್ತದೆ, ಹೆಮ್ಮೆಯೂ ಆಗುತ್ತದೆ. ಏಕೆಂದರೆ ಅವರ ಫಿಲ್ಮ್ ಸ್ಕೂಲು ಎಂಥದು ಎಂದು ನನಗೆ ಗೊತ್ತು.

ಸರ್ದಾರ್ ವಾರವಿಡೀ ರಾಚೆಸ್ಟರ್ ಹಿಲ್ಸ್‌ನ ಒಂದು ಕಂಪನಿಯಲ್ಲಿ ಕಾರಿನ ಸೀಟು ಡಿಸೈನ್ ಮಾಡುತ್ತಾರೆ. ಶನಿವಾರ ಬಂತೆಂದರೆ ಹೆಗಲಿಗೆ ಕ್ಯಾಮೆರಾ. ಡೆಟ್ರಾಯಿಟ್ ಸುತ್ತಮುತ್ತಲಿನ ನಮ್ಮವರ ಮದುವೆ, ಮುಂಜಿ, ಕೂಸಿನ ಅಕೀಕಾ, ಸೀಮಂತ ಎಲ್ಲಕ್ಕೂ ವಿಡಿಯೋ ಅವರದೇ. ಅವರು ಶೂಟಿಂಗು, ನಾನು ಬೇಸ್‌ಮೆಂಟಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಎಡಿಟಿಂಗು. ಕೆಲಸ ಅರ್ಧಕ್ಕರ್ಧ, ಹೆಸರು ಮಾತ್ರ ಪೂರ್ತಿ ಅವರಿಗೆ. ಇರಲಿ.

ಎರಡು ಸಾವಿರದ ಇಸವಿಯ ಬೇಸಿಗೆಯಲ್ಲಿ ಬಾಗಲಕೋಟೆ ಕಡೆಯ ರೇವಣಪ್ಪನವರ ಮಗಳ ಮದುವೆ ಬಂತು. ಲೈಟು ಹಿಡಿಯುವ ಹುಡುಗ ಬೆಳಿಗ್ಗೆ ಕೈ ಕೊಟ್ಟ. ಸರ್ದಾರ್ ತಲೆಮೇಲೆ ಕೈ ಹೊತ್ತು ಕೂತಿದ್ದಾಗ ಕಾಕಾ ಬೇಲಿಯ ಆಚೆಯಿಂದ, "ನಾ ಬರ್ತೀನಿ ತಗೋ, ದೀಪ ಹಿಡಿಯೂದೇನ ದೊಡ್ಡ ಮಾತಲ್ಲ," ಅಂದರು. ನಿಜಕ್ಕೂ ಹಿಡಿದರು. ಅಕ್ಷತೆ ಬೀಳುವವರೆಗೂ ಕೈ ಅಲ್ಲಾಡಿಸಲಿಲ್ಲ.

ಊಟದ ಹೊತ್ತಿಗೆ ಸರ್ದಾರ್‌ಗೆ ಹಸಿವು ತಡೆಯಲಾಗಲಿಲ್ಲ. "ಕಾಕಾ, ಈ ಕೆಂಪು ಬಟನ್ ಒತ್ತಿ ಸುಮ್ಮನ ನಿಂದರ್ರಿ, ನಾ ಎರಡು ರೊಟ್ಟಿ ತಿಂದು ಬಂದೆ," ಎಂದು ಕ್ಯಾಮೆರಾ ಅವರ ಕೈಗಿತ್ತರು. ಕಾಕಾ ಸುಮ್ಮನೆ ನಿಲ್ಲಲಿಲ್ಲ. ನಮ್ಮ ಮನೆಯಲ್ಲಿ ಕಲಿತ ಒಂದೇ ಕನ್ನಡದ ಮಾತು ಅವರ ಹತ್ತಿರ ಇತ್ತು. ಅದನ್ನೇ ಹಿಡಿದುಕೊಂಡು ಒಂದೊಂದು ಟೇಬಲ್ಲಿಗೂ ಹೋಗಿ, ಒಬ್ಬೊಬ್ಬರ ಮುಖಕ್ಕೂ ಕ್ಯಾಮೆರಾ ಹಿಡಿದು, "ಊಟ ಆತೇನ್ರೀ?" ಎಂದು ಕೇಳಿದರು. ಅರಬಿ ಮೀಸೆಯ ಮನುಷ್ಯನ ಬಾಯಿಂದ ಬಂದ ಆ ಮಾತಿಗೆ ಜನ ಬಿದ್ದು ಬಿದ್ದು ನಕ್ಕರು. ಕ್ಯಾಮೆರಾ ಕಂಡರೆ ಕಲ್ಲಿನ ಹಾಗೆ ಸೆಟೆದು ಕೂಡುವ ನಮ್ಮ ಡಾಕ್ಟರುಗಳು ಕೂಡ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು ಮಾತಾಡಿದರು.

ಕ್ಯಾಸೆಟ್ ಕೊಡುವ ಮುನ್ನ ಒಂದು ಎಡವಟ್ಟು ಗೊತ್ತಾಯಿತು. ರೇವಣಪ್ಪನವರ ಅಕ್ಕ ಶಿವಕ್ಕ ಬಾಗಲಕೋಟೆಯಿಂದ ಮದುವೆಗೆಂದೇ ಬಂದಿದ್ದವರು. ಸರ್ದಾರ್ ಮಂಟಪದ ಶೂಟಿಂಗಿನಲ್ಲಿ ಅವರ ಮುಖವನ್ನೇ ಬಿಟ್ಟಿದ್ದರು. ಮೊಳಕೈ ಒಂದು ಕಾಣುತ್ತಿತ್ತು, ಅಷ್ಟೇ. ಮದುವೆ ವಿಡಿಯೋದಲ್ಲಿ ಸೋದರತ್ತೆಯ ಮುಖ ಇಲ್ಲವೆಂದರೆ ಏನಾಗುತ್ತದೆ ಎಂದು ಬಲ್ಲವರಿಗೇ ಗೊತ್ತು. ಆ ಮನೆಯಲ್ಲಿ ಮುಂದೆ ಯಾವ ಕಾರ್ಯವೂ ನೆಟ್ಟಗೆ ನಡೆಯುವುದಿಲ್ಲ. ನಮ್ಮನ್ನು ಕಾಪಾಡಿದ್ದು ಕಾಕಾ ತೆಗೆದ ಊಟದ ಸಾಲಿನ ವಿಡಿಯೋ. ಅದರಲ್ಲಿ ಶಿವಕ್ಕ ಇದ್ದರು, ಎಣಗಾಯಿಗೆ ಗುರೆಳ್ಳು ಎಷ್ಟು ಹುರಿಯಬೇಕೆಂದು ಕ್ಯಾಮೆರಾಕ್ಕೆ ಬುದ್ಧಿ ಹೇಳುತ್ತಾ ಕೂತಿದ್ದರು. ಅದನ್ನು ಪೂರ್ತಿ ಹಾಕಿದೆ. ಶಿವಕ್ಕ ಕ್ಯಾಸೆಟ್ಟಿನ ಇನ್ನೊಂದು ಪ್ರತಿ ಕೇಳಿ ಊರಿಗೆ ಒಯ್ದರು.

ಇದನ್ನು ಹೇಳಿದಾಗ ಕಾಕಾಗೆ ಏನೂ ಆಶ್ಚರ್ಯವಾಗಲಿಲ್ಲ. "ನಮ್ಮಲ್ಲೂ ಹಂಗ. ಮದುವ್ಯಾಗ ಒಬ್ಬನ್ನ ಮಾತಾಡಸೂದು ಮರತ್ರ ಅವನ ಮಕ್ಕಳೂ ನಮ್ಮ ಮನಿಗೆ ಬರೂದಿಲ್ಲ," ಅಂದರು. ಮುಂದಿನ ಶನಿವಾರದಿಂದ ಊಟದ ಸಾಲು ಕಾಯಂ ಅವರದಾಯಿತು. ಮೂರು ನಾಲ್ಕು ವರ್ಷ ಹಾಗೇ ನಡೆಯಿತು. ಟ್ರಾಯ್, ನೋವೈ, ಆ್ಯನ್ ಆರ್ಬರ್, ಎಲ್ಲ ಕಡೆಯ ಹಾಲ್‌ಗಳಲ್ಲೂ ಜನ ನವದಂಪತಿಯನ್ನು ಮರೆತು, "ಊಟ ಆತೇನ್ ಅಂಕಲ್ ಬಂದಾರೇನು?" ಎಂದು ಹುಡುಕತೊಡಗಿದರು. ಸರ್ದಾರ್‌ಗೆ ಒಳಗೊಳಗೆ ಹೊಟ್ಟೆಕಿಚ್ಚು. ಇಲ್ಲ ಅಂತಾರೆ, ಇತ್ತು.

ಇಷ್ಟರ ನಡುವೆ ಕಾಕಾ ಪ್ರತಿ ವರ್ಷ ಅಕ್ಟೋಬರಿನಲ್ಲಿ ಆಲಿವ್ ಕೀಳಲು ಊರಿಗೆ ಹೋಗಿ ಬರುತ್ತಿದ್ದರು. ಬರುವಾಗ ಎಣ್ಣೆಯ ಡಬ್ಬಿ, ಝಾತರ್ ಎಂಬ ಸೊಪ್ಪಿನ ಪುಡಿ ತಂದು ಕೊಡುತ್ತಿದ್ದರು. ನಮ್ಮ ಚಟ್ನಿಪುಡಿಗೆ ಹುಳಿ ಜಾಸ್ತಿ ಬಿದ್ದಂತೆ ರುಚಿ, ರೊಟ್ಟಿಗೆ ಭಾರಿ ಚೆನ್ನ. ಆದರೆ ಊರಿನಿಂದ ಬಂದ ಮೊದಲ ವಾರ ಅವರ ಮುಖ ಬಾಡಿರುತ್ತಿತ್ತು. ಕಾರಣ ಅವರ ಅಣ್ಣ, ಅಬೂ ಈಸಾ. ಇಬ್ಬರ ತೋಟಗಳ ನಡುವೆ ಮೊಳಕಾಲೆತ್ತರದ ಕಲ್ಲಿನ ಗೋಡೆ ಅಷ್ಟೇ. ತಮ್ಮ ಅಮೆರಿಕಕ್ಕೆ ಹೊರಟ ದಿನ ಅಣ್ಣ, "ಮರ ಬಿಟ್ಟು ಹೋಗಾಂವ ನನ್ನ ತಮ್ಮ ಅಲ್ಲ," ಎಂದು ಮುಖ ತಿರುಗಿಸಿದವರು ಮತ್ತೆ ಮಾತಾಡಿರಲಿಲ್ಲ. ಗೋಡೆಯ ಆಚೆ ಅವರು ಕಾಯಿ ಕೀಳುತ್ತಾರೆ, ಈಚೆ ಇವರು. ಇವರು ಸಲಾಮ್ ಹೇಳುತ್ತಾರೆ, ಅವರು ಕೊಂಬೆಯ ಜೊತೆ ಮಾತಾಡುತ್ತಾರೆ.

"ಬೈದಿದ್ರ ಚಲೋ ಇತ್ತು ಉಮ್ ಝೈನ್. ಬೈಯೂದೂ ಇಲ್ಲ," ಎನ್ನುತ್ತಿದ್ದರು ಕಾಕಾ. ಅವರಿಗೆ ಈ ಲೋಕದಲ್ಲಿ ಬೇಕಿದ್ದದ್ದು ಅದೊಂದೇ, ಅಣ್ಣನ ಬಾಯಿಂದ ಒಂದು ಮಾತು.

2003ರಲ್ಲಿ ಊರಿನಿಂದ ಬಂದಾಗ ಬೇರೆಯೇ ಸುದ್ದಿ ತಂದರು. ಇಸ್ರೇಲಿ ಸೈನ್ಯ ಅವರ ಊರಿನ ತೋಟಗಳ ನಡುವೆ ಬೇಲಿ ಎಳೆಯಲು ಬುಲ್‌ಡೋಜರ್ ತಂದಿದೆ. ಇಬ್ಬರು ಅಣ್ಣತಮ್ಮಂದಿರ ಮರಗಳಲ್ಲಿ ಬಹುಪಾಲು ಬೇಲಿಯ ಆಚೆಗೆ ಹೋಗುತ್ತವೆ. ಊರಿನ ಜನ ಪ್ರತಿ ಶುಕ್ರವಾರ ನಮಾಜ್ ಮುಗಿಸಿ ಬೇಲಿ ಬರುವ ಜಾಗಕ್ಕೆ ಮೆರವಣಿಗೆ ಹೋಗುತ್ತಿದ್ದಾರೆ. ಸೈನಿಕರು ಅಶ್ರುವಾಯು ಹೊಡೆಯುತ್ತಾರೆ, ಜನ ಕೆಮ್ಮುತ್ತಾ ವಾಪಸು ಬರುತ್ತಾರೆ, ಮತ್ತೆ ಮುಂದಿನ ಶುಕ್ರವಾರ ಹೋಗುತ್ತಾರೆ. ಮೊದಮೊದಲು ಊರಿಗೆ ಊರೇ ಹೋಗಿತ್ತಂತೆ. ಬರಬರುತ್ತಾ ಬೆರಳೆಣಿಕೆಯ ಮಂದಿ. ಊರಲ್ಲಿದ್ದಷ್ಟು ದಿನ ಕಾಕಾ ತಪ್ಪದೆ ಹೋಗಿದ್ದರು, ಅಬೂ ಈಸಾ ಒಮ್ಮೆಯೂ ಹೋಗಿರಲಿಲ್ಲ. ಅಮೆರಿಕದ ಮನೆಗೆ ವಾಪಸು ಹೋಗುವವರ ಹಿಂದೆ ನಾನೇಕೆ ನಡೆಯಲಿ ಎಂದು ಯಾರ ಮುಂದೆಯೋ ಅಂದಿದ್ದರಂತೆ.

ಮುಂದಿನ ವರ್ಷ ಸರ್ದಾರ್ ಹೊಸ ಕ್ಯಾಮೆರಾ ಕೊಂಡರು. ಹಳೆಯದನ್ನು ಮಾರುವ ಮಾತಾಡುತ್ತಿದ್ದಾಗ ನಾನು ಅದನ್ನು ಚೀಲದ ಸಮೇತ ಎತ್ತಿ ಕಾಕಾ ಕೈಯಲ್ಲಿ ಇಟ್ಟೆ. "ನಿಮ್ಮೂರಿನ ಮೆರವಣಿಗಿ ತಗದು ತರ್ರಿ. ನಾನೂ ನೋಡ್ತೀನಿ," ಅಂದೆ. ಸರ್ದಾರ್ ನನ್ನ ಮುಖ ನೋಡಿ, ಚಾರ್ಜರನ್ನೂ ತಂದು ಚೀಲಕ್ಕೆ ಹಾಕಿದರು. ನನ್ನ ಗಂಡನಲ್ಲಿ ನನಗೆ ಮೆಚ್ಚಿಗೆಯಾದ ಗುಣವೇ ಅದು.

ಕಾಕಾ ಆ ಸಲ ಹೋದವರು ಚಳಿಗಾಲವೆಲ್ಲ ಅಲ್ಲೇ ಇದ್ದು, 2005ರ ಫೆಬ್ರುವರಿಯಲ್ಲಿ ಬಂದರು. ಪೆಟ್ಟಿಗೆಯಲ್ಲಿ ಝಾತರ್ ಡಬ್ಬಿಗಳ ನಡುವೆ ಸಣ್ಣ ಸಣ್ಣ ಕ್ಯಾಸೆಟ್ಟುಗಳು. ಬೇಸ್‌ಮೆಂಟಿನಲ್ಲಿ ಮೊದಲನೆಯದನ್ನು ಹಾಕಿ, ಪಕ್ಕದಲ್ಲಿದ್ದ ಕಾಕಾನಿಂದ ಅರಬಿಯ ಅರ್ಥ ಕೇಳುತ್ತಾ ನೋಡಲು ಕೂತೆ. ಘೋಷಣೆ, ಕಲ್ಲು, ಹೊಗೆ, ಟಿವಿ ನ್ಯೂಸಿನಲ್ಲಿ ಬರುವಂಥದ್ದೇ ಇರುತ್ತದೆ ಎಂದುಕೊಂಡಿದ್ದೆ. ಅಲ್ಲವೇ ಅಲ್ಲ. ಮನುಷ್ಯ ಪ್ರತಿಭಟನೆಯನ್ನು ಮದುವೆಯ ಹಾಗೆ ಶೂಟ್ ಮಾಡಿದ್ದರು!

ಮಸೀದಿಯ ಬಾಗಿಲಲ್ಲಿ ನಿಂತು ಹೊರಗೆ ಬಂದ ಒಬ್ಬೊಬ್ಬರನ್ನೂ ಹಿಡಿದಿದ್ದಾರೆ, ಹಾಲ್‌ನ ಬಾಗಿಲಲ್ಲಿ ಬೀಗರನ್ನು ಹಿಡಿಯುವ ಹಾಗೆ. ಪ್ರತಿಯೊಬ್ಬರಿಗೂ ಅರಬಿಯಲ್ಲಿ ಅದೇ ಪ್ರಶ್ನೆ, ಊಟ ಆಯಿತೇ. ಅವರು ನಗುತ್ತಾರೆ, ಏನು ಉಂಡೆವು ಎನ್ನುತ್ತಾರೆ. ಮೆರವಣಿಗೆಯ ಮುಂದೆ ಕೂಗುವವನಿಗೆ ಗಂಟಲು ಕಟ್ಟುತ್ತದೆ; ಯಾರು ಅವನಿಗೆ ನೀರು ಕೊಟ್ಟರು, ಅವಳು ಯಾರ ಸೊಸೆ, ಎಲ್ಲ ಉಂಟು. ಅಶ್ರುವಾಯು ಬಿದ್ದಾಗ ಕ್ಯಾಮೆರಾ ಓಡುತ್ತದೆ, ಬರೀ ಆಕಾಶ ಮತ್ತು ಕೆಮ್ಮು. ಆಮೇಲೆ ಒಂದು ಗೋಡೆಯ ಮರೆಯಲ್ಲಿ ಎಲ್ಲರೂ ಕೂತು ಈರುಳ್ಳಿ ಹೆಚ್ಚಿ ಮೂಗಿಗೆ ಹಿಡಿದುಕೊಳ್ಳುತ್ತಾರೆ, ಅದರಿಂದ ಉರಿ ಕಡಿಮೆಯಾಗುತ್ತದಂತೆ. ಆ ಈರುಳ್ಳಿ ಯಾರ ಮನೆಯಿಂದ ಬಂತು, ಯಾರು ಹೆಚ್ಚಿದರು ಎಂದು ಕಾಕಾ ವಿಚಾರಿಸುತ್ತಾರೆ. ಒಂದು ಕಡೆ ಹುಡುಗ ಸೈನಿಕನೊಬ್ಬ ಬಿಸಿಲಿಗೆ ಅಡ್ಡ ನಿಂತಿದ್ದಾನೆ. ಕಾಕಾನ ಕೈ ಚೌಕಟ್ಟಿನೊಳಗೆ ಬಂದು, ಸ್ವಲ್ಪ ಎಡಕ್ಕೆ ಸರಿ ಎಂದು ಸನ್ನೆ ಮಾಡುತ್ತದೆ. ಆ ಹುಡುಗ ಬಂದೂಕು ಹಿಡಿದುಕೊಂಡೇ ಸರಿಯುತ್ತಾನೆ. ಸರಿದ ಮೇಲೆ ಅವನಿಗೆ ತಾನು ಮಾಡಿದ್ದು ಗೊತ್ತಾಗುತ್ತದೆ.

ನಾನು ಕೂತು ಎಡಿಟ್ ಮಾಡಿದೆ. ಎಷ್ಟೋ ವರ್ಷದ ರೂಢಿ ನನ್ನದು. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತದೆ. ಒಂದು ದೃಶ್ಯದಿಂದ ಇನ್ನೊಂದಕ್ಕೆ ಹೋಗುವಾಗ ಗುಲಾಬಿ ಎಸಳು ಉದುರಬೇಕು, ಅಥವಾ ಹೃದಯವೊಂದು ತಿರುಗುತ್ತಾ ಬಂದು ತೆರೆ ತುಂಬಬೇಕು. ಹಿರಿಯರು ಕಂಡರೆ ಸುತ್ತಲೂ ಬಂಗಾರದ ಅಂಚು. ಶುರುವಿಗೆ ಶಹನಾಯಿ. ಎಲ್ಲ ಹಾಕಿದೆ. ಕಾಕಾ ಮೂರು ಗಂಟೆ ಅಲ್ಲಾಡದೆ ಕೂತು ನೋಡಿ, "ನಮ್ಮೂರು ಇಷ್ಟು ಚಂದ ಐತಿ ಅಂತ ನನಗ ಗೊತ್ತಿರಲಿಲ್ಲ," ಅಂದರು. ಅದೇ ಖುಷಿಯಲ್ಲಿ ನಾನು ಒಂದು ಡಿವಿಡಿಯನ್ನು ಶಿಕಾಗೋದ ಪ್ರಸನ್ನ ಅವರಿಗೆ ಕಳಿಸಿಬಿಟ್ಟೆ. ಎಲ್ಕ್ ಗ್ರೋವ್ ವಿಲೇಜ್‌ನಲ್ಲಿ ಅವರದು ಪ್ಯಾಕಿಂಗ್ ಡಬ್ಬಿಗಳ ಗೋಡೌನು. ತಿಂಗಳಿಗೊಂದು ಭಾನುವಾರ ಅಲ್ಲಿ ಕುರ್ಚಿ ಹಾಕಿಸಿ, ಬಿಳಿ ಗೋಡೆಯ ಮೇಲೆ ದೇಶದೇಶದ ಡಾಕ್ಯುಮೆಂಟರಿ ತೋರಿಸುವ ಹವ್ಯಾಸ ಅವರಿಗೆ.

ಮೂರನೇ ದಿನ ಪ್ರಸನ್ನ ಫೋನ್ ಮಾಡಿದರು. ಮೈಸೂರಿನವರು, ಮಾತು ಮೆತ್ತಗೆ.

"ಮೇಡಂ, ತಪ್ಪು ತಿಳ್ಕೋಬೇಡಿ. ಅಲ್ಲಿ ಟಿಯರ್ ಗ್ಯಾಸ್ ಶೆಲ್ ಬೀಳತ್ತಲ್ಲ, ಆಗ ಒಂದು ಹಾರ್ಟು ತಿರುಗ್ತಾ ಬರತ್ತೆ. ಅದು ಬೇಕೂಂತ್ಲೇ ಹಾಕಿದೀರಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಫೋನ್ ಕುಕ್ಕಬೇಕೆಂದುಕೊಂಡೆ. ಅಷ್ಟರಲ್ಲಿ ಆ ದೃಶ್ಯ ಕಣ್ಣ ಮುಂದೆ ಬಂತು. ಸೈನಿಕ ಗುರಿ ಹಿಡಿಯುತ್ತಾನೆ, ಢಂ ಎನ್ನುತ್ತದೆ, ಹೊಗೆಯೊಳಗಿಂದ ಕೆಂಪು ಹೃದಯ, ಅದರ ಹಿಂದೆ ಗುಲಾಬಿ ಎಸಳು. ನಕ್ಕೆ, ನಗು ನಿಲ್ಲಲೇ ಇಲ್ಲ. ಆ ಕಡೆ ಪ್ರಸನ್ನ ಕೂಡ ಇಷ್ಟು ಹೊತ್ತು ಬಿಗಿಹಿಡಿದಿದ್ದ ನಗುವನ್ನು ಬಿಟ್ಟರು.

"ಆದ್ರೆ ಫಿಲ್ಮು ತುಂಬ ಚೆನ್ನಾಗಿದೆ ಮೇಡಂ. ಇಂಥದ್ದು ನಾನು ನೋಡೇ ಇಲ್ಲ. ಹಾರ್ಟು ತೆಗೀರಿ, ಒಂದು ಗಂಟೆಗೆ ಇಳಿಸಿ. ಏಪ್ರಿಲ್‌ನಲ್ಲಿ ಇಲ್ಲಿ ಹಾಕೋಣ."

ಹೃದಯ ತೆಗೆಯುವುದಕ್ಕೆ ಕಾಕಾನ ತಕರಾರಿರಲಿಲ್ಲ. ಒಂದು ಗಂಟೆ ಅಂದಾಗ ಮಾತ್ರ ಎದ್ದು ನಿಂತರು. "ಯಾರನ್ನ ತಗೀತಿ? ಈರುಳ್ಳಿ ಹೆಚ್ಚಿದ ಮುದುಕೀನ್ನ? ಕೆಮ್ಮಿದ ಮಾಸ್ತರನ್ನ? ಬಿಟ್ಟಾಂವ ನಾಳೆ ಶುಕ್ರವಾರ ಬರ್ತಾನೇನು? ಆಗೂದಿಲ್ಲ!" ಎಂದು ಟೊಪ್ಪಿಗೆ ಹಾಕಿಕೊಂಡು ಮನೆಗೆ ಹೋದರು. ಎರಡು ದಿನ ನಮ್ಮ ಕಡೆ ತಿರುಗಿ ನೋಡಲಿಲ್ಲ. ಮೂರನೇ ದಿನ ನಾನೇ ಬೇಲಿಯ ಹತ್ತಿರ ಹೋಗಿ ನಿಂತೆ.

"ಕಾಕಾ, ಮದುವಿ ಮಂದಿಗೆ ನಾವು ಏನ್ ಕೊಡ್ತೀವಿ? ಗೆಳ್ಯಾರಿಗೆ ತೋರ್ಸಾಕ ಒಂದು ಸಣ್ಣದು, ಮನಿಯವರಿಗೆ ಒಂದು ಪೂರ್ತಿದು. ಹೌದಲ್ರೀ? ಶಿಕಾಗೋದವರು ಗೆಳ್ಯಾರು. ನಿಮ್ಮ ಊರಿನವರು ಮನಿಯವರು."

ಕಾಕಾ ಕಾಲಿನಿಂದ ಮಣ್ಣು ಕೆದಕಿದರು. ಆಮೇಲೆ, "ಮನಿಯವರದ್ರಾಗ ಹೃದಯ ಇರಲಿ," ಅಂದರು.

ಏಪ್ರಿಲಿನಲ್ಲಿ ನಾವು ಮೂವರೂ ಶಿಕಾಗೋಕ್ಕೆ ಡ್ರೈವ್ ಮಾಡಿಕೊಂಡು ಹೋದೆವು. ದಾರಿಯುದ್ದಕ್ಕೂ ಜೋಳದ ಹೊಲಗಳು ಇನ್ನೂ ಬರಿದಾಗಿದ್ದವು, ಕಾಕಾ ಪ್ರತಿಯೊಂದು ಹೊಲದ ಮಣ್ಣಿಗೂ ಏನಾದರೊಂದು ಹೆಸರಿಟ್ಟರು. ಗೋಡೌನಿನಲ್ಲಿ ರಟ್ಟಿನ ಡಬ್ಬಿಗಳ ರಾಶಿಯ ನಡುವೆ ಮಡಚುವ ಕುರ್ಚಿಗಳು. ಪ್ರೊಫೆಸರುಗಳು, ವಿದ್ಯಾರ್ಥಿಗಳು, ಒಂದಿಷ್ಟು ನಮ್ಮವರು. ಓಹೇರ್ ವಿಮಾನ ನಿಲ್ದಾಣ ಅಲ್ಲೇ ಪಕ್ಕದಲ್ಲಿ. ತಲೆಯ ಮೇಲೆ ವಿಮಾನ ಹೋದಾಗಲೆಲ್ಲ ಏನೂ ಕೇಳಿಸದು. ಹಾಗೆ ಕೇಳಿಸದಿದ್ದಾಗಲೂ ಜನ ನಕ್ಕರು, ಏಕೆಂದರೆ ಆ ಮುಖಗಳೇ ಸಾಕಾಗಿದ್ದವು. ಮುಗಿದ ಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕನ್ನಡಕದ ಹೆಂಗಸೊಬ್ಬಳು ಕೈಯೆತ್ತಿ, ಈ ಶೈಲಿಯನ್ನು ನೀವು ಎಲ್ಲಿ ಕಲಿತಿರಿ ಎಂದು ಕೇಳಿದಳು.

ಕಾಕಾ ಗಂಭೀರವಾಗಿ, "ರೇವಣಪ್ಪನ ಮಗಳ ಮದುವ್ಯಾಗ," ಅಂದರು.

ಆಕೆ ಅದನ್ನು ಬರೆದುಕೊಂಡಳು. ಪ್ರಸನ್ನ ಡಬ್ಬಿಗಳ ಹಿಂದೆ ಹೋಗಿ ನಕ್ಕು ಬಂದರು.

ಅಷ್ಟು ಮರ್ಯಾದೆಯಾದರೂ ಹಿಂತಿರುಗುವಾಗ ಕಾಕಾ ಕಾರಿನ ಕಿಟಕಿಗೆ ಹಣೆ ಹಚ್ಚಿಕೊಂಡು ಕೂತಿದ್ದರು. ಏನಾಯಿತು ಎಂದು ಕೇಳಿದೆ. "ಊರಾಗ ಈಗ ಶುಕ್ರವಾರ ಹತ್ತು ಮಂದೀನೂ ಹೋಗಾಂಗಿಲ್ಲಂತ. ಇಲ್ಲಿ ಮಂದಿ ಎದ್ದು ನಿಂತ್ರ ನನಗೇನು? ಅಲ್ಲಿ ನನ್ನ ಅಣ್ಣ ಏಳಬೇಕು," ಅಂದರು. ಅಷ್ಟರಲ್ಲಿ ಸರ್ದಾರ್ ಗ್ಯಾರಿ ಊರಿನ ಹತ್ತಿರ ಎಕ್ಸಿಟ್ ತಪ್ಪಿಸಿದರು, ನಾನು ಅವರನ್ನು ಬೈಯತೊಡಗಿದೆ.

ಆ ಅಕ್ಟೋಬರಿನಲ್ಲಿ ಕಾಕಾ ಮೂರು ಗಂಟೆಯ ಡಿವಿಡಿ ತೆಗೆದುಕೊಂಡು ಊರಿಗೆ ಹೋದರು. ಶಾಲೆಯ ಅಂಗಳದಲ್ಲಿ ಬೆಡ್‌ಶೀಟು ಕಟ್ಟಿ ತೋರಿಸಿದರು. ಮರುದಿನ ನಮಗೆ ಫೋನ್ ಬಂತು. ಇಡೀ ಊರು ಬಂದಿತ್ತಂತೆ, ಕೈಕೂಸುಗಳ ಸಮೇತ. ಪ್ರತಿಯೊಂದು ಮುಖ ಬಂದಾಗಲೂ ಆ ಮುಖದ ಮನೆಯವರು ಕೇಕೆ ಹಾಕಿದರಂತೆ. ಈರುಳ್ಳಿ ಮುದುಕಿಗಾಗಿ ಎರಡು ಸಲ ಹಿಂದಕ್ಕೆ ತಿರುಗಿಸಬೇಕಾಯಿತಂತೆ. ಹೃದಯಗಳಿಗೆ ಸಿಳ್ಳೆ. ಮುಗಿಯಿತು ಎನ್ನುವಾಗ ಶುರುವಾಯಿತಂತೆ ಜಗಳ.

"ಏನ್ ಜಗಳ ಕಾಕಾ?"

"ಏನ್ ಜಗಳಾ? ಮೆರವಣಿಗಿಗೆ ಬರಲಾರದವರು ಬಂದು ನನ್ನ ಕೊರಳಪಟ್ಟಿ ಹಿಡದ್ರು. ನಮ್ಮ ಮನಿಯವರು ಒಬ್ಬರೂ ಇಲ್ಲ, ಬೇಕಂತ ಬಿಟ್ಟೀದಿ, ನಾವೇನು ಈ ಊರವರಲ್ಲೇನು ಅಂತ. ನಾ ಅಂದೆ, ಶುಕ್ರವಾರ ಬಂದಿದ್ರ ಇರ್ತಿದ್ರಿ. ಈಗೂ ಬರ್ರಿ, ಕ್ಯಾಮೆರಾ ಐತಿ."

ಫೋನಿನಲ್ಲಿ ನಾನೂ ಸರ್ದಾರೂ ಒಟ್ಟಿಗೇ ಶಭಾಷ್ ಎಂದು ಕೂಗಿದೆವು. ಆಮೇಲೆ ನಾನು ಮೆಲ್ಲಗೆ, "ಅಣ್ಣಾರು ಬಂದಿದ್ರೇನು?" ಎಂದು ಕೇಳಿದೆ.

"ಬಂದಿದ್ದ. ಹಿಂದ ಗೋಡಿಗೆ ಆತಗೊಂಡು ಕುಂತು ಕಡೀತನಕ ನೋಡಿದ. ಅವನ ಮುಖಾನೂ ಅದ್ರಾಗ ಇಲ್ಲ. ಜಗಳಕ್ಕೂ ಬರಲಿಲ್ಲ. ಎದ್ದು ಹೋದ. ಜಗಳಕ್ಕಾದ್ರೂ ಬರಬೇಕಿತ್ತು."

ಒಂದು ತಿಂಗಳಾದ ಮೇಲೆ ಪಕ್ಕದ ಡಿಯರ್‌ಬರ್ನ್ ಊರಿನಲ್ಲಿರುವ ಕಾಕಾನ ನಂಟರೊಬ್ಬರ ಕೈಯಲ್ಲಿ ಒಂದು ಕ್ಯಾಸೆಟ್ ಬಂತು. ಅದು ಸಿನಿಮಾ ತೋರಿಸಿದ ಮುಂದಿನ ಶುಕ್ರವಾರದ್ದು. ಭಾನುವಾರ ಮಧ್ಯಾಹ್ನ ಬೇಸ್‌ಮೆಂಟಿನಲ್ಲಿ ನಾನು, ಸರ್ದಾರ್, ಅರಬಿ ತಿಳಿಸಿ ಹೇಳಲು ಕಾಕಾನ ಮಗ ಬಾಸಿಮ್, ಮೂವರೂ ಕೂತೆವು.

ಮಸೀದಿಯ ಬಾಗಿಲಿನಿಂದ ಜನ ಬರುತ್ತಾರೆ, ಬರುತ್ತಲೇ ಇರುತ್ತಾರೆ. ಗಂಡಸರು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದಾರೆ. ಹೆಂಗಸರು ಕಸೂತಿಯ ಉದ್ದ ನಿಲುವಂಗಿ ಹಾಕಿಕೊಂಡಿದ್ದಾರೆ, ಮದುವೆಗೆ ತೆಗೆಯುವಂಥವು. ಕ್ಯಾಮೆರಾದ ಮುಂದೆ ಬಂದಾಗ ಪ್ರತಿ ಮನೆಯವರೂ ಸಾಲಾಗಿ ನಿಂತು, ತಮ್ಮವರೆಲ್ಲ ಬಂದರೋ ಎಂದು ಒಮ್ಮೆ ಹಿಂತಿರುಗಿ ನೋಡಿ ಮುಂದೆ ಹೋಗುತ್ತಾರೆ. ಬಾಸಿಮ್ ಹೆಸರು ಹೇಳುತ್ತಾ ಹೋದ. ಇವರು ಬಡಗಿ ಮನೆಯವರು, ಇವರು ಮೂರು ವರ್ಷದಿಂದ ಅವರ ಜೊತೆ ಮಾತು ಬಿಟ್ಟವರು, ಇವರು ಯಾವತ್ತೂ ಮನೆಯಿಂದ ಹೊರಗೇ ಬರದವರು. ಹೇಳುತ್ತಾ ಹೇಳುತ್ತಾ ಅವನು ಎದ್ದೇ ನಿಂತ.

ಆಗ ಜನರನ್ನು ಸರಿಸಿಕೊಂಡು ಮುದುಕರೊಬ್ಬರು ನೇರ ಕ್ಯಾಮೆರಾದ ಕಡೆಗೆ ಬಂದರು. ಕಾಕಾನದೇ ಮೂಗು, ಕಾಕಾನದೇ ಮೀಸೆ, ನಗು ಮಾತ್ರ ಇಲ್ಲ. "ದೊಡ್ಡಪ್ಪ!" ಎಂದ ಬಾಸಿಮ್. ಅಬೂ ಈಸಾ ನಿಲ್ಲಲಿಲ್ಲ. ಅವರ ದೊಡ್ಡ ಅಂಗೈ ಹತ್ತಿರ ಹತ್ತಿರ ಬಂದು ಲೆನ್ಸನ್ನು ಮುಚ್ಚಿತು. ತೆರೆ ಕಪ್ಪಾಯಿತು.

"ಒಡದ ಬಿಟ್ರು ಕ್ಯಾಮೆರಾ," ಎಂದರು ಸರ್ದಾರ್.

ಒಡೆದಿರಲಿಲ್ಲ. ಕಪ್ಪಿನೊಳಗಿಂದ ಎಳೆದಾಡುವ ಸದ್ದು, ಆಮೇಲೆ ಒಂದು ಗಡಸು ಧ್ವನಿ. ಬಾಸಿಮ್ ಅದನ್ನು ತಿಳಿಸಿ ಹೇಳಿದ.

"ಮೂರು ತಾಸು ಕುಂತು ನೋಡಿದೆ. ಊರ ಮಂದಿ ಎಲ್ಲಾ ಐತಿ. ನನ್ನ ತಮ್ಮ ಎಲ್ಲೂ ಇಲ್ಲ."

ತೆರೆಯ ಮೇಲೆ ಬೆಳಕು ಬಂತು. ಮೊದಲು ಎರಡು ಬೂಟು, ಆಮೇಲೆ ಒಂದಿಷ್ಟು ಕಲ್ಲು, ಆಕಾಶ, ಯಾರದೋ ಕಿವಿ. ಕ್ಯಾಮೆರಾ ಹಿಡಿದವರಿಗೆ ಹಿಡಿಯಲು ಬರುತ್ತಿಲ್ಲ ಎಂಬುದು ಸ್ಪಷ್ಟವಾಗಿತ್ತು. ಕೊನೆಗೆ ಚೌಕಟ್ಟಿನ ಮೂಲೆಯಲ್ಲಿ ನಮ್ಮ ಕಾಕಾ ಕಂಡರು. ಅಷ್ಟು ಕ್ಯಾಸೆಟ್ಟುಗಳಲ್ಲಿ ಅವರ ಕೈ ನೋಡಿದ್ದೆ, ಧ್ವನಿ ಕೇಳಿದ್ದೆ; ಮುಖ ನೋಡಿದ್ದು ಅದೇ ಮೊದಲು. ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕೋಟಿನ ಜೇಬಿಗೆ ಹಾಕಿ, ಹೊರಗೆ ತೆಗೆದು, ಮತ್ತೆ ಹಾಕಿಕೊಂಡರು. ಅಣ್ಣ ಏನೋ ಗದರಿದರು. ಕಾಕಾ ತಿರುಗಿ ಜನರ ಜೊತೆ ನಡೆಯತೊಡಗಿದರು.

ಆ ದಿನದ ಮೆರವಣಿಗೆಯಲ್ಲಿ ಇಡೀ ಊರಿತ್ತು. ಆದರೆ ಅಬೂ ಈಸಾ ತೆಗೆದ ವಿಡಿಯೋದಲ್ಲಿ ಇರುವುದು ಒಬ್ಬರೇ. ಘೋಷಣೆ ಕೂಗುವವನ ಅರ್ಧ ತಲೆ ಚೌಕಟ್ಟಿನ ಹೊರಗೆ ಹೋಗಿದೆ, ಹೆಂಗಸರ ಸಾಲಿನಲ್ಲಿ ಬರೀ ನಿಲುವಂಗಿಯ ಅಂಚುಗಳು, ಸೈನಿಕರು ದೂರದಲ್ಲಿ ಎಲ್ಲೋ ಮಸುಕು. ನಟ್ಟನಡುವೆ ತಮ್ಮ. ತಮ್ಮ ಎಡವಿದರೆ ಕ್ಯಾಮೆರಾ ಎಡವುತ್ತದೆ, ತಮ್ಮ ನಿಂತರೆ ನಿಲ್ಲುತ್ತದೆ. ಸರ್ದಾರ್ ಅಭ್ಯಾಸಬಲದಿಂದ, "ಈ ಬೂಟು, ಆಕಾಶ ಎಲ್ಲಾ ಕತ್ತರಿಸಿಬಿಡು," ಅಂದರು. ನಾನು ಅವರ ಕಡೆ ತಿರುಗಿ ನೋಡಿದೆ. ಅವರು ಕಣ್ಣು ಒರೆಸಿಕೊಳ್ಳುತ್ತಿದ್ದರು.

ಕ್ಯಾಸೆಟ್ ಮುಗಿಯುವ ಹೊತ್ತಿಗೆ ಬೇಲಿಯ ಹತ್ತಿರ ಮುಟ್ಟಿದ್ದರು. ಕಾಕಾ ಹಿಂತಿರುಗಿ ಬಂದು, ಸಾಕು ಕೊಡು ಎಂದು ಕ್ಯಾಮೆರಾಕ್ಕೆ ಕೈ ಚಾಚಿದರು. ಅಬೂ ಈಸಾ ಕೊಡಲಿಲ್ಲ.

"ಇನ್ನೊಂದೀಟು ನಡಿ," ಅಂದರು, "ನಾ ನೋಡಾಕತ್ತೀನಿ."

ಕಾಕಾ ನಡೆದರು.